ಬರಿಗೈಯ ಕಾಣಿಕೆ

ನಮ್ಮ ಅನೇಕ ದೇವಾಲಯಗಳಲ್ಲಿ, ಮನೆಗಳ ಪ್ರಾರ್ಥನಾ ಪೀಠಗಳ ಮೇಲೆ ಒಂದು ಸ್ವರೂಪವನ್ನು ನೀವು ಕಂಡಿರುತ್ತೀರಿ. ಕಂದು ಬಣ್ಣದ ನಿಲುವಂಗಿ, ಬಿಳಿಯ ಮೇಲುವಸ್ತ್ರ, ತಲೆಗೆ ಕಪ್ಪು ಮುಸುಕು. ತೋಳುಗಳಲ್ಲಿ ಶಿಲುಬೆ, ಅದರ ಸುತ್ತ ಗುಲಾಬಿ ಹೂಗಳು. ಮುಖದಲ್ಲಿ ಮಂದಹಾಸ. ಆಕೆ ಬಾಲಯೇಸುವಿನ ಸಂತ ತೆರೇಸಾ. ಅಕ್ಟೋಬರ್ 1ರಂದು ಧರ್ಮಸಭೆ ಆಕೆಯ ಹಬ್ಬವನ್ನು ಆಚರಿಸುತ್ತದೆ.

ಈ ಹೂಗಳನ್ನೂ ಮಂದಹಾಸವನ್ನೂ ಕಂಡು ನಾವು ಎಷ್ಟೋ ಸಲ ಮೋಸಹೋಗುತ್ತೇವೆ. ಕಷ್ಟವೇ ಕಾಣದ ಮುದ್ದಿನ ಹುಡುಗಿ, ಸುಲಭವಾಗಿ ಸಂತಳಾದಳು ಎಂದುಕೊಳ್ಳುತ್ತೇವೆ. ದೇವರಿಗೆ ಜೀವನವನ್ನು ಪೂರ್ತಿಯಾಗಿ ಒಪ್ಪಿಸುವುದು ಅಂಥ ಕೋಮಲ ಹೃದಯದವರಿಗೆ ಮಾತ್ರ ಸಾಧ್ಯ, ಸಂಸಾರದ ಜಂಜಾಟದಲ್ಲಿರುವ ನಮಗಲ್ಲ ಎಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುತ್ತೇವೆ. ಇಂದು ನಾವು ಆ ಹೂಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅವುಗಳ ಹಿಂದಿರುವ ಶಿಲುಬೆಯನ್ನು ನೋಡೋಣ.

ಈ ಕಥೆ ಮಠದಲ್ಲಿ ಆರಂಭವಾಗುವುದಿಲ್ಲ, ಒಂದು ಮನೆಯಲ್ಲಿ ಆರಂಭವಾಗುತ್ತದೆ. ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದಲ್ಲಿ ಅಲಾಂಸೋನ್ ಎಂಬ ಪಟ್ಟಣ. ಅಲ್ಲಿ ಲೂಯಿ ಮಾರ್ಟಿನ್ ಎಂಬುವರು ಗಡಿಯಾರದ ಅಂಗಡಿ ಇಟ್ಟುಕೊಂಡಿದ್ದರು. ಅವರ ಪತ್ನಿ ಜೇಲಿ ಲೇಸ್ ಹೆಣೆಯುವ ಕಸುಬಿನವರು. ಕೆಲವು ಹೆಂಗಸರಿಗೂ ಕೆಲಸ ಕೊಟ್ಟು ವ್ಯಾಪಾರ ನಡೆಸುತ್ತಿದ್ದರು. ಇಬ್ಬರೂ ಯೌವನದಲ್ಲಿ ಮಠ ಸೇರಲು ಬಯಸಿದ್ದವರು. ಲೂಯಿಯವರಿಗೆ ಲ್ಯಾಟಿನ್ ಬರುವುದಿಲ್ಲವೆಂದು ಮಠದವರು ಹಿಂದಕ್ಕೆ ಕಳುಹಿಸಿದರು. ಜೇಲಿಯವರನ್ನೂ ಕನ್ಯಾಮಠದಲ್ಲಿ ಸ್ವೀಕರಿಸಲಿಲ್ಲ. 1858ರ ಜುಲೈ 13ರಂದು ಇಬ್ಬರೂ ವಿವಾಹವಾದರು. ದೇವರು ಒಂದು ಬಾಗಿಲನ್ನು ಮುಚ್ಚಿದಾಗ ಅವರು ಮುನಿಸಿಕೊಂಡು ಕೂರಲಿಲ್ಲ. ತೆರೆದ ಬಾಗಿಲಿನೊಳಗೆ ಮನಸ್ಸಿಟ್ಟು ನಡೆದರು. ಅವರ ಮಗಳು ಮುಂದೆ ಲೋಕಕ್ಕೆ ಕಲಿಸಿದ ಪಾಠವನ್ನು ತಂದೆತಾಯಿ ಆಗಲೇ ಬದುಕಲು ಆರಂಭಿಸಿದ್ದರು.

ಅವರಿಗೆ ಒಂಬತ್ತು ಮಕ್ಕಳು ಹುಟ್ಟಿದರು. ಮೂವರು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡವು. ಎಲೆನ್ ಎಂಬ ಹುಡುಗಿ ಐದು ವರ್ಷದವಳಾಗಿ ಕಣ್ಮುಚ್ಚಿದಳು. ಉಳಿದವರು ಐವರು ಹೆಣ್ಣುಮಕ್ಕಳು: ಮರಿ, ಪೋಲಿನ್, ಲಿಯೋನಿ, ಸೆಲಿನ್ ಮತ್ತು ಕೊನೆಯವಳಾಗಿ 1873ರ ಜನವರಿ 2ರಂದು ಹುಟ್ಟಿದ ತೆರೇಸಾ. ಈ ಮಗುವೂ ಬದುಕುವ ಭರವಸೆ ಇರಲಿಲ್ಲ. ತಾಯಿಗೆ ಹಾಲುಣಿಸಲು ಆಗದ ಕಾರಣ ಹತ್ತಿರದ ಹಳ್ಳಿಯ ರೈತ ಹೆಂಗಸೊಬ್ಬಳ ಮನೆಯಲ್ಲಿ ಮಗುವನ್ನು ಸುಮಾರು ಒಂದು ವರ್ಷ ಬಿಡಬೇಕಾಯಿತು. ಎಳೆಯ ಮಕ್ಕಳನ್ನು ಮಣ್ಣಿಗಿಟ್ಟ ತಾಯಂದಿರೇ, ಆ ಮನೆಯ ನೋವು ಎಂಥದ್ದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ತೆರೇಸಾಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ, 1877ರ ಆಗಸ್ಟ್ 28ರಂದು, ಜೇಲಿಯವರು ಸ್ತನದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ ಆಗ 45 ವರ್ಷ. ಅಲ್ಲಿಯವರೆಗೆ ನಗುನಗುತ್ತಾ ಇದ್ದ ಮಗು ಮಾತು ಮಾತಿಗೆ ಅಳುವ ಹುಡುಗಿಯಾದಳು. ತಂದೆ ಮಕ್ಕಳನ್ನು ಕರೆದುಕೊಂಡು, ಸೋದರಮಾವನ ಮನೆಗೆ ಹತ್ತಿರವಾಗುವಂತೆ, ಲಿಸಿಯೂ ಪಟ್ಟಣಕ್ಕೆ ಬಂದು ನೆಲೆಸಿದರು. ತೆರೇಸಾ ತನ್ನ ಅಕ್ಕ ಪೋಲಿನಳನ್ನೇ ತಾಯಿಯಾಗಿ ಆರಿಸಿಕೊಂಡಳು. ಆದರೆ 1882ರಲ್ಲಿ ಆ ಎರಡನೆಯ ತಾಯಿಯೂ ಕಾರ್ಮೆಲ್ ಮಠ ಸೇರಿದಳು. ಮಗುವಿಗೆ ಇದನ್ನು ತಾಳಲಾಗಲಿಲ್ಲ. ಮರುವರ್ಷ ವೈದ್ಯರಿಗೂ ಬಗೆಹರಿಯದ ಕಾಯಿಲೆ ಆಕೆಯನ್ನು ಹಾಸಿಗೆ ಹಿಡಿಸಿತು. 1883ರ ಮೇ 13, ಪವಿತ್ರಾತ್ಮರ ಹಬ್ಬದ ದಿನ, ಅಕ್ಕಂದಿರು ಹಾಸಿಗೆಯ ಪಕ್ಕದಲ್ಲಿ ಮಾತೆ ಮರಿಯಳ ಸ್ವರೂಪದ ಮುಂದೆ ಮೊಣಕಾಲೂರಿ ಬೇಡುತ್ತಿದ್ದಾಗ, ಆ ತಾಯಿ ತನ್ನತ್ತ ಮುಗುಳ್ನಕ್ಕಳೆಂದು ತೆರೇಸಾ ಕಂಡಳು; ಕಾಯಿಲೆ ವಾಸಿಯಾಯಿತು.

ಆದರೂ ಅಳುವ ಸ್ವಭಾವ ಹೋಗಲಿಲ್ಲ. ಅದು ಹೋದದ್ದು 1886ರ ಕ್ರಿಸ್ಮಸ್ ರಾತ್ರಿ. ನಡುರಾತ್ರಿಯ ಬಲಿಪೂಜೆ ಮುಗಿಸಿ ಎಲ್ಲರೂ ಮನೆಗೆ ಬಂದರು. ಆ ದೇಶದಲ್ಲಿ ಮಕ್ಕಳು ಒಲೆಯ ಬಳಿ ಪಾದರಕ್ಷೆಗಳನ್ನಿಟ್ಟು ಅದರಲ್ಲಿ ಉಡುಗೊರೆಗಳನ್ನು ಹುಡುಕುವುದು ವಾಡಿಕೆ. ದಣಿದಿದ್ದ ತಂದೆ, ಇಷ್ಟು ದೊಡ್ಡವಳಾದರೂ ಈ ಆಟವೇ, ಸದ್ಯ ಇದೇ ಕೊನೆಯ ವರ್ಷ ಎಂಬಂತೆ ಬೇಸರದಿಂದ ಗೊಣಗಿದರು. ಮಹಡಿ ಹತ್ತುತ್ತಿದ್ದ ತೆರೇಸಾಳ ಕಿವಿಗೆ ಅದು ಬಿತ್ತು. ಕಣ್ಣಲ್ಲಿ ನೀರು ತುಂಬಿತು. ಆದರೆ ಆಕೆ ಕಣ್ಣೀರನ್ನು ನುಂಗಿಕೊಂಡು ಕೆಳಗಿಳಿದು ಬಂದಳು. ತಂದೆಯ ಮುಂದೆ ಕುಳಿತು ಸಂತೋಷದಿಂದ ಒಂದೊಂದೇ ಉಡುಗೊರೆ ತೆಗೆದಳು. ತಂದೆಯೂ ನಕ್ಕರು. ಇಷ್ಟೇ ನಡೆದದ್ದು. ಆದರೆ ತನ್ನ ಪರಿವರ್ತನೆಯ ದಿನ ಅದೇ ಎಂದು ಆಕೆ ಮುಂದೆ ಬರೆದಳು. ತನ್ನನ್ನು ತಾನು ಮರೆತು ಇನ್ನೊಬ್ಬರನ್ನು ಸಂತೋಷಪಡಿಸಬೇಕೆಂಬ ಬಯಕೆ ಅಂದು ಆಕೆಯ ಹೃದಯವನ್ನು ಹೊಕ್ಕಿತು. ಯೋಚಿಸಿ ನೋಡಿ: ದಮಸ್ಕದ ದಾರಿಯಲ್ಲಿ ಸಂತ ಪೌಲನಿಗೆ ಮಿಂಚು ಹೊಡೆಯಿತು; ಈ ಹುಡುಗಿಗೆ ಮನೆಯ ಮೆಟ್ಟಿಲ ಮೇಲೆ ದೇವರ ಕೃಪೆ ಕಾದಿತ್ತು. ನಮ್ಮ ಮನೆಗಳಲ್ಲೂ ಅಂಥ ಮೆಟ್ಟಿಲುಗಳಿವೆ.

ಮರುವರ್ಷ ಪ್ಯಾರಿಸ್ಸಿನಲ್ಲಿ ಮೂವರನ್ನು ಕೊಂದ ಪ್ರಾಂಜಿನಿ ಎಂಬ ಅಪರಾಧಿಗೆ ಮರಣದಂಡನೆ ವಿಧಿಸಲಾಯಿತು. ಅವನಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ. 14 ವರ್ಷದ ತೆರೇಸಾ ಅವನನ್ನು ತನ್ನ ಮೊದಲ ಮಗನೆಂದು ಭಾವಿಸಿ ಪ್ರಾರ್ಥಿಸಿದಳು, ಬಲಿಪೂಜೆ ಹೇಳಿಸಿದಳು. 1887ರ ಆಗಸ್ಟ್ 31ರಂದು ವಧಾಸ್ಥಾನದಲ್ಲಿ ಅವನು ಕೊನೆಯ ಗಳಿಗೆಯಲ್ಲಿ ಶಿಲುಬೆಯನ್ನು ಮುದ್ದಿಟ್ಟನೆಂದು ಪತ್ರಿಕೆಯಲ್ಲಿ ಓದಿ ಆಕೆಯ ಕಣ್ಣು ತುಂಬಿ ಬಂತು. ಆತ್ಮಗಳಿಗಾಗಿ ಬದುಕನ್ನೇ ಕೊಡಬೇಕೆಂಬ ಆಸೆ ಇನ್ನಷ್ಟು ಬಲವಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಆಕೆ ತಂದೆಯ ಅನುಮತಿ ಕೇಳಿದ್ದಳು. ಇಬ್ಬರು ಹಿರಿಯ ಮಕ್ಕಳು ಆಗಲೇ ಮಠದಲ್ಲಿದ್ದರು. ತಂದೆಗೆ 63 ವರ್ಷ; ಆ ತಿಂಗಳ ಆರಂಭದಲ್ಲಿ ಪಾರ್ಶ್ವವಾಯುವಿನ ಮೊದಲ ಹೊಡೆತವೂ ಬಿದ್ದಿತ್ತು. ಪವಿತ್ರಾತ್ಮರ ಹಬ್ಬದ ಸಂಜೆ, ಮನೆಯ ತೋಟದಲ್ಲಿ, ಮನೆಯ ಕೊನೆಯ ಮಗು ತಾನೂ ಹೋಗಬೇಕೆಂದು ಬೇಡಿಕೊಂಡಿತು. ಆ ತಂದೆ ಅತ್ತರು, ಆದರೆ ಬೇಡವೆನ್ನಲಿಲ್ಲ. ಗೋಡೆಯ ಬಳಿ ಬೆಳೆದಿದ್ದ ಒಂದು ಸಣ್ಣ ಬಿಳಿ ಹೂವನ್ನು ಕಿತ್ತು ಮಗಳ ಕೈಗಿತ್ತರು. ಅದು ಬೇರು ಸಹಿತ ಬಂದಿತ್ತು. ಬೇರೆ ನೆಲದಲ್ಲಿ ನೆಡಲೆಂದೇ ದೇವರು ತನ್ನನ್ನು ಬೇರು ಸಹಿತ ತೆಗೆದರೆಂದು ತೆರೇಸಾ ಅರ್ಥಮಾಡಿಕೊಂಡಳು.

ಮನೆ ಭೇಟಿಗೆ ಹೋದಾಗ ನಾನು ಅನೇಕ ತಂದೆತಾಯಂದಿರನ್ನು ಕಂಡಿದ್ದೇನೆ. ದೈವಕರೆಗಳಿಗಾಗಿ ದೇವಾಲಯದಲ್ಲಿ ನಮ್ಮೊಂದಿಗೆ ಭಕ್ತಿಯಿಂದ ಪ್ರಾರ್ಥಿಸುತ್ತಾರೆ. ಆದರೆ ಆ ಕರೆ ತಮ್ಮ ಮನೆಯ ಕದ ತಟ್ಟಿದರೆ ಪಕ್ಕದ ಮನೆಯನ್ನು ತೋರಿಸುತ್ತಾರೆ. ನಾನು ಅವರನ್ನು ದೂರುವುದಿಲ್ಲ. ಮಗುವನ್ನು ಕೊಡುವುದು ಹಗುರ ಮಾತಲ್ಲ. ಆದರೆ ಲೂಯಿಯವರ ಕಣ್ಣೀರು ಮತ್ತು ಒಪ್ಪಿಗೆ ಎರಡೂ ಒಟ್ಟಿಗೆ ಬಂದವು ಎಂಬುದನ್ನು ನೆನಪಿಡಿ. ಅತ್ತುಕೊಂಡು ಕೊಟ್ಟ ಕಾಣಿಕೆಯೂ ಕಾಣಿಕೆಯೇ.

ದೇವರಿಗೆ ಶರಣಾಗುವುದೆಂದರೆ ಕೈಕಟ್ಟಿ ಕೂರುವುದು ಎಂದು ತಿಳಿದವರು ಮುಂದಿನ ತಿಂಗಳುಗಳನ್ನು ಗಮನಿಸಬೇಕು. ವಯಸ್ಸು ಸಾಲದೆಂದು ಮಠದ ಉಸ್ತುವಾರಿ ಗುರುಗಳು ಒಪ್ಪಲಿಲ್ಲ. ತೆರೇಸಾ ತಂದೆಯೊಂದಿಗೆ ಹೋಗಿ ಧರ್ಮಾಧ್ಯಕ್ಷರನ್ನು ಕಂಡಳು. ಅಲ್ಲಿಯೂ ಸ್ಪಷ್ಟ ಉತ್ತರ ಸಿಗಲಿಲ್ಲ. ನವೆಂಬರಿನಲ್ಲಿ ರೋಮಿಗೆ ತೀರ್ಥಯಾತ್ರೆ ಹೋದಾಗ, 20ನೇ ತಾರೀಖು, ಜಗದ್ಗುರು ಹದಿಮೂರನೇ ಲಿಯೋರವರ ಪಾದದ ಬಳಿ ಮೊಣಕಾಲೂರಿ, ಮಾತನಾಡಬಾರದೆಂಬ ಅಪ್ಪಣೆಯನ್ನು ಮೀರಿ, 15ನೇ ವಯಸ್ಸಿಗೆ ಮಠ ಸೇರಲು ಅನುಮತಿ ಕೇಳಿಯೇಬಿಟ್ಟಳು. ದೇವರ ಚಿತ್ತವಿದ್ದರೆ ಸೇರುವೆಯೆಂದು ಅವರು ಹೇಳಿ ಕಳುಹಿಸಿದರು. ಕಾವಲಿನವರು ಆಕೆಯನ್ನು ಎಬ್ಬಿಸಿ ಕರೆದೊಯ್ಯಬೇಕಾಯಿತು. ತನ್ನ ಕೈಲಾದುದನ್ನೆಲ್ಲಾ ಮಾಡಿ, ಫಲವನ್ನು ದೇವರ ಕೈಗೆ ಬಿಡುವುದು: ನಿಜವಾದ ಶರಣಾಗತಿ ಇದೇ. ಕೊನೆಗೆ ಅನುಮತಿ ಬಂತು. 1888ರ ಏಪ್ರಿಲ್ 9ರಂದು ಆಕೆ ಲಿಸಿಯೂ ಕಾರ್ಮೆಲಿನ ಹೊಸಿಲು ದಾಟಿದಳು.

ಕಾರ್ಮೆಲ್ ಮಠದ ಜೀವನ ನಮ್ಮ ನಾಡಿಗೆ ಅಪರಿಚಿತವಲ್ಲ. ಫ್ರಾನ್ಸಿನ ಕಾರ್ಮೆಲಿನಿಂದ ಹೊರಟು ಬಂದ ಸನ್ಯಾಸಿನಿಯರು 1870ರಲ್ಲೇ ಮಂಗಳೂರಿನಲ್ಲಿ ಅಂಥ ಮಠ ಆರಂಭಿಸಿದ್ದರು. ಮೌನ, ಪ್ರಾರ್ಥನೆ, ಕೈಕೆಲಸ, ಸರಳ ಊಟ, ಹೊರಗೆ ಹೋಗುವಂತಿಲ್ಲ. ಲಿಸಿಯೂವಿನಲ್ಲಿ ಇವುಗಳ ಜೊತೆಗೆ ಕೊರೆಯುವ ಚಳಿ. ತೆರೇಸಾ ಅಲ್ಲಿ ಕಳೆದ ಒಂಬತ್ತೂವರೆ ವರ್ಷಗಳಲ್ಲಿ ಲೋಕ ಗಮನಿಸುವಂಥ ಒಂದು ಕೆಲಸವನ್ನೂ ಮಾಡಲಿಲ್ಲ. ಬಟ್ಟೆ ಒಗೆದಳು, ನೆಲ ಗುಡಿಸಿದಳು, ಪೂಜಾ ವಸ್ತುಗಳನ್ನು ಅಣಿಗೊಳಿಸಿದಳು, ಹೊಸದಾಗಿ ಸೇರಿದವರಿಗೆ ಮಾರ್ಗದರ್ಶನ ನೀಡಿದಳು. ಕಾಲು ಕುಂಟಾದ ವೃದ್ಧ ಸಹೋದರಿಯೊಬ್ಬರನ್ನು ಪ್ರತಿ ಸಂಜೆ ಊಟದ ಕೋಣೆಗೆ ನಡೆಸಿಕೊಂಡು ಹೋಗುತ್ತಿದ್ದಳು. ಆ ವೃದ್ಧೆಗೆ ಯಾರು ಹಿಡಿದುಕೊಂಡರೂ ಸಮಾಧಾನವಿಲ್ಲ; ಬೇಗ ನಡೆದರೂ ತಪ್ಪು, ನಿಧಾನವಾದರೂ ತಪ್ಪು. ತೆರೇಸಾ ಆಕೆಯನ್ನು ಕೂರಿಸಿ, ಕೇಳದಿದ್ದರೂ ರೊಟ್ಟಿಯನ್ನು ತುಂಡು ಮಾಡಿಕೊಟ್ಟು, ಒಂದು ಮುಗುಳ್ನಗೆ ಬೀರಿ ಹೋಗುತ್ತಿದ್ದಳು. ತನಗೆ ಸ್ವಭಾವತಃ ಸೇರದ ಇನ್ನೊಬ್ಬ ಸಹೋದರಿಯೊಂದಿಗೆ ಎಷ್ಟು ಪ್ರೀತಿಯಿಂದ ನಡೆದುಕೊಂಡಳೆಂದರೆ, ತೆರೇಸಾಳಿಗೆ ತನ್ನಲ್ಲಿ ಏನು ಅಷ್ಟು ಇಷ್ಟವಾಯಿತೋ ಎಂದು ಆ ಸಹೋದರಿಯೇ ಬೆರಗಾದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಮಾವಂದಿರನ್ನು ನೋಡಿಕೊಳ್ಳುವ ಸೊಸೆಯರೇ, ತೆರೇಸಾ ನಿಮ್ಮ ಅಡುಗೆಮನೆಯ ಸಂತಳೂ ಹೌದು.

ಮಠ ಸೇರಿದ ಮರುವರ್ಷವೇ ಆಕೆಯ ಮೇಲೆ ದೊಡ್ಡ ಶಿಲುಬೆ ಬಿತ್ತು. ಪ್ರೀತಿಯ ತಂದೆಗೆ ಬುದ್ಧಿಭ್ರಮಣೆಯಾಯಿತು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲಿದ್ದರು. ಮಕ್ಕಳೆಲ್ಲಾ ಮಠ ಸೇರಿದ್ದರಿಂದಲೇ ಹೀಗಾಯಿತೆಂದು ಊರಿನವರು ಆಡಿಕೊಂಡರು. ಮಠದ ಗೋಡೆಗಳ ಒಳಗೂ ಆ ಮಾತು ಬಂದು ಮುಟ್ಟಿತು. ತಂದೆಯ ಬಳಿ ಹೋಗಿ ಕೈ ಹಿಡಿಯಲೂ ಆಕೆಗೆ ಸಾಧ್ಯವಿರಲಿಲ್ಲ. ತಂದೆಯ ಅವಮಾನದಲ್ಲಿ ಆಕೆ ಪಾಡುಗಳ ಸಮಯದ ಯೇಸುಸ್ವಾಮಿಯ ಮುಖವನ್ನು ಕಂಡಳು. ಬಾಲಯೇಸುವಿನ ಮತ್ತು ಪವಿತ್ರ ಮುಖದ ತೆರೇಸಾ ಎಂಬುದೇ ಆಕೆಯ ಪೂರ್ಣ ಹೆಸರು. ಲೂಯಿಯವರು 1894ರ ಜುಲೈ 29ರಂದು ದೈವಾಧೀನರಾದರು. ಅಲ್ಲಿಯವರೆಗೆ ಅವರ ಸೇವೆ ಮಾಡಿದ ಸೆಲಿನ್ ಕೂಡ ಅದೇ ವರ್ಷ ಕಾರ್ಮೆಲ್ ಸೇರಿದಳು.

ಈಗ ನಾವು ಈ ಜೀವನದ ಹೃದಯಕ್ಕೆ ಬರುತ್ತೇವೆ. ಆ ಕಾಲದ ಫ್ರಾನ್ಸಿನಲ್ಲಿ ಭಕ್ತರ ಮನಸ್ಸನ್ನು ದೇವರ ಕೋಪದ ಭಯ ಆವರಿಸಿತ್ತು. ಪಾಪಿಗಳಿಗೆ ಬರಬೇಕಾದ ಶಿಕ್ಷೆ ತಮ್ಮ ಮೇಲೆ ಬರಲೆಂದು ದೈವಿಕ ನ್ಯಾಯಕ್ಕೆ ತಮ್ಮನ್ನು ಬಲಿಯಾಗಿ ಒಪ್ಪಿಸಿಕೊಳ್ಳುವ ಕನ್ಯಾಸ್ತ್ರೀಯರಿದ್ದರು. ತೆರೇಸಾ ಅವರ ಔದಾರ್ಯವನ್ನು ಮೆಚ್ಚಿದಳು. ಆದರೆ ಆ ದಾರಿ ಹಿಡಿಯಲಿಲ್ಲ. ದೇವರ ನ್ಯಾಯಕ್ಕೆ ಬಲಿಗಳು ಬೇಕಾದರೆ, ದೇವರ ಕರುಣೆಗೆ ಬೇಡವೇ ಎಂದು ಆಕೆ ಯೋಚಿಸಿದಳು. ದೇವರು ಸುರಿಸಬಯಸುವ ಪ್ರೀತಿಯನ್ನು ಬಹುಜನ ಬೇಡವೆಂದು ತಳ್ಳುತ್ತಾರೆ. ತಳ್ಳಲ್ಪಟ್ಟ ಆ ಪ್ರೀತಿಯೆಲ್ಲಾ ತನ್ನೊಳಗೆ ಹರಿಯಲಿ ಎಂದು 1895ರ ಜೂನ್ 9ರಂದು, ಪರಮ ತ್ರಿತ್ವದ ಹಬ್ಬದ ಬಲಿಪೂಜೆಯಲ್ಲಿ, ಆಕೆ ತನ್ನನ್ನು ಕರುಣಾಮಯ ಪ್ರೀತಿಗೆ ಕಾಣಿಕೆಯಾಗಿ ಅರ್ಪಿಸಿದಳು. ಎರಡು ದಿನಗಳ ನಂತರ ಸೆಲಿನಳೊಂದಿಗೆ ಮಾತೆ ಮರಿಯಳ ಸ್ವರೂಪದ ಮುಂದೆ ಆ ಅರ್ಪಣೆಯನ್ನು ಒಟ್ಟಾಗಿ ಮಾಡಿದಳು.

ಈ ಹೆಜ್ಜೆ ಎಷ್ಟು ದೊಡ್ಡದೆಂದು ನಾವು ತಿಳಿಯಬೇಕು. ನ್ಯಾಯವೆಂದರೆ ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂದು ತತ್ವಶಾಸ್ತ್ರ ಹೇಳುತ್ತದೆ. ಆದರೆ ದೇವರಿಗೆ ಸಲ್ಲಬೇಕಾದುದನ್ನು ಪೂರ್ತಿಯಾಗಿ ಸಲ್ಲಿಸಲು ಯಾರಿಂದ ಸಾಧ್ಯ? ನಮ್ಮ ಉಸಿರೂ ಅವರದೇ. ದೇವರೊಂದಿಗೆ ಲೆಕ್ಕದ ಪುಸ್ತಕ ತೆರೆದು ಕೂತರೆ ನಾವು ಎಂದೂ ಸಾಲಗಾರರೇ. ಆದುದರಿಂದ ತೆರೇಸಾ ಆ ಪುಸ್ತಕವನ್ನೇ ಮುಚ್ಚಿಬಿಟ್ಟಳು. ಬಾಳಿನ ಸಂಜೆಯಲ್ಲಿ ಬರಿಗೈಯಲ್ಲಿ ದೇವರ ಮುಂದೆ ನಿಲ್ಲುವೆನೆಂದೂ ತನ್ನ ಪುಣ್ಯಗಳನ್ನು ಎಣಿಸಬಾರದೆಂದೂ ಆ ಅರ್ಪಣೆಯಲ್ಲಿ ಬರೆದಳು. ನಮ್ಮ ಬಲಹೀನತೆಯನ್ನು ಬಲ್ಲ ದೇವರು ನ್ಯಾಯವಂತರಾಗಿರುವುದರಿಂದಲೇ ಆಕೆಗೆ ಭಯವಿರಲಿಲ್ಲ. ಇದು ಸೋಮಾರಿಯ ಮಾತಲ್ಲ. ಕೈಲಾದ ಪ್ರತಿಯೊಂದು ಸಣ್ಣ ಒಳಿತನ್ನೂ ಮಾಡಿ, ಅದನ್ನು ಬಂಡವಾಳವಾಗಿ ಕೂಡಿಡದೆ ಕೊಟ್ಟುಬಿಡುವವಳ ಮಾತು. ನಮ್ಮಲ್ಲಿ ಎಷ್ಟೋ ಜನ ಹರಕೆ ಹೊತ್ತು, ಮೇಣದ ಬತ್ತಿ ಹಚ್ಚಿ, ಕೇಳಿದ್ದು ಸಿಗದಿದ್ದರೆ ದೇವರ ಮೇಲೆ ಮುನಿಸಿಕೊಳ್ಳುತ್ತೇವೆ. ಅದು ವ್ಯಾಪಾರ. ತೆರೇಸಾಳದು ಪ್ರೀತಿ.

ಈ ಪ್ರೀತಿಗೆ ಪರೀಕ್ಷೆ ಬೇಗನೆ ಬಂತು. 1896ರ ಶುಭ ಶುಕ್ರವಾರದ ಮುಂಚಿನ ರಾತ್ರಿ ಹಾಸಿಗೆಯಲ್ಲಿ ಆಕೆಯ ಬಾಯಿಂದ ರಕ್ತ ಬಂತು. ಅದು ಕ್ಷಯರೋಗ, ಆಗ ಅದಕ್ಕೆ ಮದ್ದಿರಲಿಲ್ಲ. ಸ್ವರ್ಗದ ಕರೆ ಬಂತೆಂದು ಆಕೆ ಸಂತೋಷಪಟ್ಟಳು. ಆದರೆ ಕೆಲವೇ ದಿನಗಳಲ್ಲಿ, ಧರ್ಮಸಭೆಯೆಲ್ಲಾ ಪುನರುತ್ಥಾನದ ಆನಂದದಲ್ಲಿದ್ದಾಗ, ಆಕೆಯ ಆತ್ಮದಲ್ಲಿ ಕತ್ತಲೆ ಕವಿಯಿತು. ಸ್ವರ್ಗವೆಂಬುದೇ ಇಲ್ಲ, ಸಾವಿನಾಚೆ ಶೂನ್ಯ ಮಾತ್ರ ಎಂಬ ದನಿ ಒಳಗೆ ಹಂಗಿಸತೊಡಗಿತು. ಅಂದಿನ ನಾಸ್ತಿಕರ ವಾದಗಳೆಲ್ಲಾ ಆಕೆಯ ಮನಸ್ಸಿನಲ್ಲೇ ಎದ್ದು ನಿಂತವು. ಈ ಕತ್ತಲೆ ಸುಮಾರು 18 ತಿಂಗಳು, ಸಾಯುವವರೆಗೂ, ಪೂರ್ತಿಯಾಗಿ ಕರಗಲಿಲ್ಲ.

ಆಕೆ ಏನು ಮಾಡಿದಳು? ವಿಶ್ವಾಸವನ್ನು ಬಿಡಲಿಲ್ಲ, ವಿಶ್ವಾಸವಿಲ್ಲದವರನ್ನು ದೂಷಿಸಲೂ ಇಲ್ಲ. ಅವರೊಂದಿಗೆ ಒಂದೇ ಮೇಜಿನಲ್ಲಿ ಕುಳಿತು, ದುಃಖದ ಅದೇ ರೊಟ್ಟಿಯನ್ನು ತಿನ್ನುವ ಸಹೋದರಿಯಾಗಿ ಅವರಿಗಾಗಿ ಬೇಡಿದಳು. ವಿಶ್ವಾಸ ಪ್ರಮಾಣವನ್ನು ತನ್ನ ರಕ್ತದಲ್ಲಿಯೇ ಬರೆದು ಎದೆಯ ಮೇಲೆ ಧರಿಸಿದಳು. ಅನುಭವಕ್ಕೆ ಏನೂ ಸಿಗದಿದ್ದರೂ ಸ್ವರ್ಗದ ಆನಂದದ ಬಗ್ಗೆ ಕವಿತೆ ಬರೆದಳು. ತಾನು ನಂಬಬಯಸುವುದನ್ನೇ ಹಾಡುತ್ತಿದ್ದೇನೆಂದು ಒಪ್ಪಿಕೊಂಡಳು. ಇದೇ ಕತ್ತಲೆಯ ನಡುವೆ, ಆ ಸೆಪ್ಟೆಂಬರಿನಲ್ಲಿ, ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರವನ್ನು ಧ್ಯಾನಿಸುತ್ತಾ ಆಕೆಗೆ ತನ್ನ ಕರೆ ಸ್ಪಷ್ಟವಾಯಿತು. ಧರ್ಮಪ್ರಚಾರಕಿ, ರಕ್ತಸಾಕ್ಷಿ, ಗುರು, ಎಲ್ಲವೂ ಆಗಬೇಕೆಂಬ ಹಂಬಲ ಆಕೆಯನ್ನು ಕಾಡುತ್ತಿತ್ತು. ಧರ್ಮಸಭೆಯ ದೇಹಕ್ಕೆ ಹೃದಯವೊಂದಿದೆ, ಆ ಹೃದಯದಲ್ಲಿ ತಾನು ಪ್ರೀತಿಯಾಗಿರುವೆ ಎಂದು ಆಕೆ ಕಂಡುಕೊಂಡಳು.

ಚೀನಾಕ್ಕೆ ಹೊರಟ ರುಲಾಂ ಎಂಬ ಯುವ ಗುರುವನ್ನು ಸಹೋದರನೆಂದು ಸ್ವೀಕರಿಸಿ ಆಕೆ ಪತ್ರ ಬರೆಯುತ್ತಿದ್ದಳು. ಅವರು ಪ್ಯಾರಿಸ್ಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯವರು. ನಮ್ಮ ಮೈಸೂರು ಧರ್ಮಪ್ರಾಂತವನ್ನು ಕಟ್ಟಿದ ಗುರುಗಳೂ ಅದೇ ಸಂಸ್ಥೆಯಿಂದ ಬಂದವರೇ.

1897ರ ಜುಲೈ 8ರಂದು ಆಕೆಯನ್ನು ಮಠದ ರೋಗಿಗಳ ಕೋಣೆಗೆ ಇಳಿಸಿದರು. ಉಸಿರಾಟವೇ ಹಿಂಸೆಯಾಯಿತು. ನೋವು ಎಷ್ಟು ಉಲ್ಬಣಿಸಿತೆಂದರೆ, ವಿಶ್ವಾಸವಿಲ್ಲದಿದ್ದರೆ ಮನುಷ್ಯರು ಇಂಥ ಹೊತ್ತಿನಲ್ಲಿ ಪ್ರಾಣ ಕಳೆದುಕೊಳ್ಳುವುದು ಆಶ್ಚರ್ಯವಲ್ಲ ಎಂದು ಆಕೆಗೆ ಅರ್ಥವಾಯಿತು. ರೋಗಿಗಳ ಕೈಗೆಟುಕುವಲ್ಲಿ ವಿಷದ ಔಷಧಿ ಇಡಬಾರದೆಂದು ಎಚ್ಚರಿಸಿದಳು. ಸಂತರ ಬಾಯಲ್ಲಿ ಇಂಥ ಮಾತೇ ಎಂದು ಗಾಬರಿಯಾಗಬೇಡಿ. ನೋವಿನಲ್ಲಿರುವವರ ಬಳಿ ಉಪದೇಶಕ್ಕಿಂತ ಮೊದಲು ಈ ತಿಳುವಳಿಕೆ ಬೇಕು. ಸೆಪ್ಟೆಂಬರ್ 30ರ ಸಂಜೆ ಸುಮಾರು ಏಳು ಗಂಟೆ ದಾಟಿದಾಗ, ಕೈಯಲ್ಲಿದ್ದ ಶಿಲುಬೆಯನ್ನು ನೋಡುತ್ತಾ, ದೇವರ ಮೇಲಿನ ಪ್ರೀತಿಯನ್ನೇ ಕೊನೆಯ ಮಾತಾಗಿ ನುಡಿದು, 24 ವರ್ಷದ ತೆರೇಸಾ ಪ್ರಾಣಬಿಟ್ಟಳು.

ಅಕ್ಕನ ಮಾತಿನಂತೆ ಆಕೆ ಬರೆದಿಟ್ಟಿದ್ದ ನೆನಪುಗಳು ಒಂದು ವರ್ಷದ ನಂತರ 2000 ಪ್ರತಿಗಳಲ್ಲಿ ಅಚ್ಚಾದವು. ಆ ಪುಸ್ತಕ ಲೋಕವನ್ನೆಲ್ಲಾ ಸುತ್ತಿತು. 1925ರ ಮೇ 17ರಂದು ಜಗದ್ಗುರು ಹನ್ನೊಂದನೇ ಪಿಯುಸ್‌ರವರು ಆಕೆಯನ್ನು ಸಂತಳೆಂದು ಸಾರಿದರು. 1927ರಲ್ಲಿ, ಮಠದ ಹೊರಗೆ ಕಾಲಿಡದ ಈಕೆಯನ್ನು, ಸಮುದ್ರಗಳನ್ನು ದಾಟಿದ ಸಂತ ಫ್ರಾನ್ಸಿಸ್ ಕ್ಸೇವಿಯರರ ಜೊತೆಗೆ ಧರ್ಮಪ್ರಚಾರ ಕಾರ್ಯದ ಪಾಲಕಿಯನ್ನಾಗಿ ಮಾಡಿದರು. 13ನೇ ವಯಸ್ಸಿಗೆ ಶಾಲೆ ಬಿಟ್ಟ ಹುಡುಗಿಯನ್ನು 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಲೂಯಿ ಮತ್ತು ಜೇಲಿ ದಂಪತಿಗಳನ್ನು ಒಟ್ಟಿಗೆ ಸಂತರ ಸಾಲಿಗೆ ಸೇರಿಸಿದರು. ಮಠ ಸೇರಲಾಗದ ಆ ಇಬ್ಬರು ಗಡಿಯಾರ ದುರಸ್ತಿ ಮಾಡಿ, ಲೇಸ್ ಹೆಣೆದು, ಮಕ್ಕಳನ್ನು ಸಾಕಿ ಸಂತರಾದರು.

ಪ್ರಿಯ ಓದುಗರೇ, ಒಂದು ಎಚ್ಚರಿಕೆ. ದೇವರಿಗೆ ತನ್ನನ್ನು ಅರ್ಪಿಸುವುದೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ಹೊಡೆಯುವ ಗಂಡನಿಗೆ, ಸುಲಿಗೆ ಮಾಡುವ ಧಣಿಗೆ ಶರಣಾಗಿರೆಂದು ತೆರೇಸಾಳ ಹೆಸರಿನಲ್ಲಿ ಯಾರೂ ಹೇಳಬಾರದು. ಆಕೆ ಶರಣಾದದ್ದು ಪ್ರೀತಿಗೆ ಮಾತ್ರ. ಹಾಗೆಯೇ, ಪ್ರಾರ್ಥನೆಯಲ್ಲಿ ಮನಸ್ಸು ಒಣಗಿದೆ, ದೇವರು ದೂರವಿದ್ದಾರೆ ಎನಿಸಿದರೆ ನಿಮ್ಮ ವಿಶ್ವಾಸ ಸತ್ತಿತೆಂದು ಹೆದರಬೇಡಿ. ವಿಶ್ವಾಸ ನಮ್ಮ ಭಾವನೆಯ ಏರಿಳಿತವಲ್ಲ. ಕತ್ತಲೆಯಲ್ಲೂ ಕೈಬಿಡದೆ ಹಿಡಿದುಕೊಳ್ಳುವ ನಿರ್ಧಾರ. ಕತ್ತಲೆಯಲ್ಲಿ ನೀವು ಹಚ್ಚುವ ಒಂದು ಬತ್ತಿ, ಹೇಳುವ ಒಂದು ಪರಲೋಕ ಮಂತ್ರ ದೇವರಿಗೆ ಬಹಳ ಪ್ರಿಯ.

ಇಂದು ರಾತ್ರಿ ಜಪಸರ ಮುಗಿಸಿದ ಮೇಲೆ ಒಂದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ದೇವರ ಮುಂದೆ ಕೈಗಳನ್ನು ತೆರೆದು ಹಿಡಿಯಿರಿ. ಅದರಲ್ಲಿ ಏನೂ ಇಲ್ಲದಿದ್ದರೆ ನಾಚಬೇಡಿ. ತುಂಬಿದ ಕೈಗೆ ಏನನ್ನೂ ಕೊಡಲಾಗುವುದಿಲ್ಲ. ನಾಳೆಯ ಚಿಂತೆಯನ್ನು, ಮಕ್ಕಳ ಭವಿಷ್ಯವನ್ನು, ಮನೆಯಲ್ಲಿರುವ ರೋಗಿಯನ್ನು, ನಿಮಗೆ ಸೇರದ ಆ ಒಬ್ಬ ವ್ಯಕ್ತಿಯನ್ನು ಹೆಸರಿಡಿದು ಅವರಿಗೆ ಒಪ್ಪಿಸಿ. ಬೆಳಿಗ್ಗೆ ಎದ್ದು ಆ ವ್ಯಕ್ತಿಯನ್ನು ನೋಡಿ ಒಮ್ಮೆ ಮುಗುಳ್ನಗಿ. ತೆರೇಸಾಳ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ.

ಬಾಲಯೇಸುವಿನ ಸಂತ ತೆರೇಸಾ, ಸಂತ ಲೂಯಿ ಮತ್ತು ಸಂತ ಜೇಲಿ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.